ಚುಕ್ಕೆಯ ಜೊತೆ ಮರವೂ ಇರಲಿ

(ಆಕಾಶದಲ್ಲಿ ಕಾಣುವ, ಗುರುತು ಸಿಗದ ವಸ್ತುಗಳ ಫೋಟೋ ತೆಗೆಯುವ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಯುಎಫ್‌ಒ ಅಂತ ಜನ ತೋರಿಸುವ ಫೋಟೋಗಳಲ್ಲಿ ಬಹಳಷ್ಟು ಒಂದೇ ಥರ ಇರುತ್ತವೆ. ಕಪ್ಪು ಆಕಾಶ, ನಡುವೆ ಒಂದು ಬಿಳಿ ಚುಕ್ಕೆ. ಪೂರ್ತಿ ಜೂಮ್ ಮಾಡಿ ತೆಗೆದಿರುತ್ತಾರೆ, ಹಾಗಾಗಿ ಚುಕ್ಕೆಯ ಅಂಚು ಕಲಸಿಹೋಗಿರುತ್ತದೆ. ಬೇರೆ ಏನೂ ಇರುವುದಿಲ್ಲ. "ಇದು ಏನಿರಬಹುದು ಹೇಳಿ" ಅಂತ ಕೇಳುತ್ತಾರೆ. ಆ ಪ್ರಶ್ನೆ ನನಗೆ ತುಂಬಾ ಇಷ್ಟ. ತಲೆ ಎತ್ತಿ ನೋಡಿ, ನಿಂತು, ಕ್ಯಾಮೆರಾ ತೆಗೆಯುವಷ್ಟು ಕುತೂಹಲ ಎಲ್ಲರಿಗೂ ಇರುವುದಿಲ್ಲ. ಆದರೆ ಆ ಫೋಟೋ ನೋಡಿ ಯಾರೂ ಉತ್ತರ ಹೇಳಲಾರರು. ಎಷ್ಟೇ ದೊಡ್ಡ ತಜ್ಞರಿದ್ದರೂ ಅಷ್ಟೇ. ಉತ್ತರಕ್ಕೆ ಬೇಕಾದದ್ದು ಆ ಚೌಕಟ್ಟಿನಲ್ಲಿ ಇಲ್ಲವೇ ಇಲ್ಲ.

ಫ್ರಾನ್ಸ್‌ನ ಬಾಹ್ಯಾಕಾಶ ಸಂಸ್ಥೆ ಸಿಎನ್‌ಇಎಸ್ ಒಳಗೆ ಒಂದು ಸಣ್ಣ ವಿಭಾಗ ಇದೆ. ಹೆಸರು ಗೈಪಾನ್. 1977ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದದ್ದು, ಇವತ್ತಿಗೂ ಕೆಲಸ ಮಾಡುತ್ತಿದೆ. ಜನ ಆಕಾಶದಲ್ಲಿ ವಿಚಿತ್ರವಾದದ್ದು ಏನಾದರೂ ಕಂಡರೆ ಅಲ್ಲಿಗೆ ತಿಳಿಸಬಹುದು. ಅವರು ಪ್ರತಿ ಘಟನೆಯನ್ನೂ ನಾಲ್ಕು ಗುಂಪಿನಲ್ಲಿ ಒಂದಕ್ಕೆ ಹಾಕುತ್ತಾರೆ. 'ಎ' ಅಂದರೆ ಏನೆಂದು ಖಚಿತವಾಗಿ ಗೊತ್ತಾಯಿತು. 'ಬಿ' ಅಂದರೆ ಬಹುಶಃ ಇಂಥದ್ದು. ಉಳಿದ ಎರಡು ಗುಂಪು ನನಗೆ ಮುಖ್ಯ. 'ಸಿ' ಅಂದರೆ ಮಾಹಿತಿ ಸಾಲದು, ಅದಕ್ಕೇ ಗೊತ್ತಾಗಲಿಲ್ಲ. 'ಡಿ' ಅಂದರೆ ಮಾಹಿತಿ ಚೆನ್ನಾಗಿದೆ, ತನಿಖೆಯೂ ಆಯಿತು, ಆದರೂ ಗೊತ್ತಾಗಲಿಲ್ಲ.

ಈ 'ಸಿ' ಮತ್ತು 'ಡಿ' ನಡುವೆ ಅಗಾಧ ವ್ಯತ್ಯಾಸ ಇದೆ. ಹೊರಗಿನಿಂದ ನೋಡಿದರೆ ಎರಡೂ "ಗುರುತು ಸಿಗದ ವಸ್ತು"ವೇ. ಆದರೆ 'ಸಿ' ಕಡತವನ್ನು ಮುಚ್ಚಿಡುವುದು ಬಿಟ್ಟು ಬೇರೆ ದಾರಿಯಿಲ್ಲ. 'ಡಿ' ಕಡತ ನಿಜವಾಗಿ ನಿದ್ದೆ ಕೆಡಿಸುವಂಥದ್ದು. ನಿಮ್ಮ ಫೋಟೋ ಈ ಎರಡರಲ್ಲಿ ಯಾವ ಗುಂಪಿಗೆ ಹೋಗುತ್ತದೆ ಎಂಬುದನ್ನು ಆಕಾಶದಲ್ಲಿರುವ ವಸ್ತು ತೀರ್ಮಾನಿಸುವುದಿಲ್ಲ. ಕ್ಯಾಮೆರಾ ಹಿಡಿದ ನೀವು ತೀರ್ಮಾನಿಸುತ್ತೀರಿ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಇದನ್ನೇ.

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಫೋಟೋಗೆ ದೂರ ಗೊತ್ತಿರುವುದಿಲ್ಲ. ಅದಕ್ಕೆ ಗೊತ್ತಿರುವುದು ಕೋನ ಮಾತ್ರ. ಲೆನ್ಸಿನಿಂದ ಒಂದು ಮೀಟರ್ ದೂರದಲ್ಲಿ ಒಂದು ಸೆಂಟಿಮೀಟರ್ ಉದ್ದದ ಹುಳು ಹಾರುತ್ತಿದೆ ಅಂದುಕೊಳ್ಳಿ. ಒಂದು ಕಿಲೋಮೀಟರ್ ದೂರದಲ್ಲಿ ಹತ್ತು ಮೀಟರ್ ಅಗಲದ ವಿಮಾನ ಹೋಗುತ್ತಿದೆ ಅಂದುಕೊಳ್ಳಿ. ಫೋಟೋದಲ್ಲಿ ಎರಡೂ ಸರಿಸಮ. ಸುಮಾರು ಅರ್ಧ ಡಿಗ್ರಿ, ಅಂದರೆ ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನಷ್ಟೇ ಅಗಲ.

ಈಗ ಆ ಹುಳು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಲೆನ್ಸಿನ ಮುಂದೆ ಅಡ್ಡ ಹಾಯುತ್ತದೆ. ಅದು ಹುಳು ಅಂತ ಗೊತ್ತಿಲ್ಲದೆ, ಒಂದು ಕಿಲೋಮೀಟರ್ ಆಚೆ ಇರುವ ವಸ್ತು ಅಂತ ನೀವು ಅಂದುಕೊಂಡರೆ, ಅದರ ವೇಗ ಸೆಕೆಂಡಿಗೆ ಎರಡು ಕಿಲೋಮೀಟರ್ ಆಗಿಬಿಡುತ್ತದೆ. ಗಂಟೆಗೆ 7200 ಕಿಲೋಮೀಟರ್! "ಯಾವ ವಿಮಾನವೂ ಹೋಗದ ವೇಗ, ಸದ್ದೂ ಇಲ್ಲ" ಎಂಬ ಎಷ್ಟೋ ವರದಿಗಳ ಹಿಂದೆ ಇರುವುದು ಈ ಲೆಕ್ಕವೇ. ಯಾರೂ ಸುಳ್ಳು ಹೇಳಿಲ್ಲ. ದೂರ ಗೊತ್ತಿಲ್ಲದಿದ್ದರೆ ಗಾತ್ರವೂ ಗೊತ್ತಿಲ್ಲ, ವೇಗವೂ ಗೊತ್ತಿಲ್ಲ, ಅಷ್ಟೇ.

ಹಾಗಾದರೆ ಏನು ಮಾಡಬೇಕು? ಎರಡು ಹಳೆಯ ಫೋಟೋಗಳ ಕಥೆ ಹೇಳುತ್ತೇನೆ.

ಮೊದಲನೆಯದು 1950ರ ಮೇ 11ರದು. ಅಮೆರಿಕದ ಆರೆಗನ್ ರಾಜ್ಯದ ಮ್ಯಾಕ್‌ಮಿನ್‌ವಿಲ್ ಹತ್ತಿರ ಒಬ್ಬ ರೈತ ತನ್ನ ಹಿತ್ತಲಿನಿಂದ ತಟ್ಟೆಯಾಕಾರದ ವಸ್ತುವಿನ ಎರಡು ಫೋಟೋ ತೆಗೆದ. ಮುಂದಿನ ತಿಂಗಳು ಅವು ಲೈಫ್ ಪತ್ರಿಕೆಯಲ್ಲಿ ಅಚ್ಚಾದವು. ಆ ಫೋಟೋಗಳಲ್ಲಿ ತಟ್ಟೆಯೊಂದೇ ಇಲ್ಲ. ಮೇಲೆ ತಂತಿಗಳು ಹಾದುಹೋಗಿವೆ. ಪಕ್ಕದಲ್ಲಿ ಕಟ್ಟಡದ ಸೂರು, ಅದರ ಮೇಲೆ ನೆರಳು. ದೂರದಲ್ಲಿ ಬೆಟ್ಟದ ಸಾಲು. 1960ರ ದಶಕದ ಕೊನೆಯಲ್ಲಿ ಕೊಲೊರಾಡೋ ವಿಶ್ವವಿದ್ಯಾಲಯದ ತನಿಖಾ ತಂಡ ಇವನ್ನು ಕೈಗೆತ್ತಿಕೊಂಡಿತು. ಆ ತಂಡದ ಖಗೋಳ ವಿಜ್ಞಾನಿ ವಿಲಿಯಂ ಹಾರ್ಟ್‌ಮನ್ ಫೋಟೋದ ಬೇರೆ ಬೇರೆ ಭಾಗಗಳ ಹೊಳಪನ್ನು ಅಳೆದು, ವಸ್ತು ದೂರದಲ್ಲಿ ಇದ್ದಿರಬಹುದು ಅಂದರು. ಆಮೇಲೆ ಬಂದ ಸಂದೇಹವಾದಿಗಳು ಸೂರಿನ ನೆರಳನ್ನು ನೋಡಿ, ಇದು ಸಂಜೆಯ ಬಿಸಿಲಲ್ಲ, ಬೆಳಗಿನ ಬಿಸಿಲು, ರೈತ ಹೇಳಿದ ಸಂಜೆಯ ಸಮಯ ತಾಳೆಯಾಗುವುದಿಲ್ಲ ಅಂದರು. ತಂತಿಗೆ ಕಟ್ಟಿ ತೂಗಿಬಿಟ್ಟ ಮಾದರಿ ಇರಬಹುದು ಅಂದರು. ಚರ್ಚೆ ಇನ್ನೂ ಮುಗಿದಿಲ್ಲ. ಯಾರು ಸರಿ ಎಂಬುದು ಇಲ್ಲಿ ನನ್ನ ವಿಷಯ ಅಲ್ಲ. ಎಪ್ಪತ್ತು ವರ್ಷಕ್ಕಿಂತ ಜಾಸ್ತಿ ಆದಮೇಲೂ ಆ ಫೋಟೋದ ಬಗ್ಗೆ ಅಳತೆಯ ಮಾತು ಆಡಬಹುದಲ್ಲ, ಅದನ್ನು ಗಮನಿಸಿ. ಅದಕ್ಕೆ ಕಾರಣ ಆ ತಂತಿ, ಆ ಸೂರು, ಆ ನೆರಳು.

ಎರಡನೆಯದು ಬೆಲ್ಜಿಯಂನದು. 1990ರ ಸುಮಾರಿಗೆ ಆ ದೇಶದಲ್ಲಿ ದೊಡ್ಡ ಕಪ್ಪು ತ್ರಿಕೋನಗಳು ಕಂಡವು ಅಂತ ನೂರಾರು ಜನ ಹೇಳಿದರು. ಆಗ ಪೆತಿ ರೆಶೇನ್ ಎಂಬಲ್ಲಿಂದ ಒಂದು ಫೋಟೋ ಬಂತು. ಕಪ್ಪು ತ್ರಿಕೋನ, ಮೂಲೆಗಳಲ್ಲಿ ಬೆಳಕು, ನಡುವೆ ಇನ್ನೊಂದು ಬೆಳಕು. ಸುತ್ತಲೂ ಬರೀ ಕತ್ತಲು. ನಕ್ಷತ್ರ ಇಲ್ಲ, ಮನೆ ಇಲ್ಲ, ಮರ ಇಲ್ಲ. ತಜ್ಞರು ವರ್ಷಗಟ್ಟಲೆ ಪರೀಕ್ಷೆ ಮಾಡಿದರು. ಕೊನೆಗೆ 2011ರಲ್ಲಿ ಅದನ್ನು ತೆಗೆದವರೇ ಮುಂದೆ ಬಂದು, ಅದು ಪಾಲಿಸ್ಟೈರೀನ್ ತುಂಡಿನಿಂದ ಮಾಡಿದ್ದು ಅಂತ ಒಪ್ಪಿಕೊಂಡರು. ಇಪ್ಪತ್ತು ವರ್ಷ ಅದು ಉಳಿದುಕೊಂಡದ್ದು ಯಾಕೆ? ಫೋಟೋದಲ್ಲಿ ಅಳೆಯಲು ಏನೂ ಇರಲಿಲ್ಲ.

ಕ್ಯಾಮೆರಾದ ಗುಣಮಟ್ಟಕ್ಕೂ ಇದಕ್ಕೂ ಸಂಬಂಧ ಇಲ್ಲ. ಅಮೆರಿಕದ ನೌಕಾಪಡೆಯ ವಿಮಾನಗಳು ತೆಗೆದ ಮೂರು ವಿಡಿಯೋಗಳನ್ನು ಅಲ್ಲಿನ ರಕ್ಷಣಾ ಇಲಾಖೆ 2020ರಲ್ಲಿ ಅಧಿಕೃತವಾಗಿ ಬಿಡುಗಡೆ ಮಾಡಿತು. ಅದರಲ್ಲಿ 'ಗೋಫಾಸ್ಟ್' ಅಂತ ಕರೆಯುವ ಒಂದಿದೆ. ಸಮುದ್ರದ ನೀರಿಗೆ ತಾಗಿಕೊಂಡಂತೆ ಒಂದು ಬಿಳಿ ಚುಕ್ಕೆ ಭರ್ರನೆ ಹೋಗುವಂತೆ ಕಾಣುತ್ತದೆ. ನೋಡಿದರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ಆದರೆ ಆ ಪರದೆಯ ಅಂಚಿನಲ್ಲಿ ಕೆಲವು ಅಂಕಿಗಳಿವೆ: ವಿಮಾನದ ಎತ್ತರ, ವೇಗ, ಕ್ಯಾಮೆರಾ ಯಾವ ಕೋನಕ್ಕೆ ತಿರುಗಿದೆ, ವಸ್ತು ಎಷ್ಟು ದೂರ. 2023ರಲ್ಲಿ ನಾಸಾ ನೇಮಿಸಿದ ಸ್ವತಂತ್ರ ಸಮಿತಿ ಈ ಅಂಕಿಗಳನ್ನೇ ಹಿಡಿದು ಲೆಕ್ಕ ಮಾಡಿತು. ವಸ್ತು ನೀರಿನ ಹತ್ತಿರ ಇರಲೇ ಇಲ್ಲ, ಸುಮಾರು 13,000 ಅಡಿ ಎತ್ತರದಲ್ಲಿ ಇತ್ತು. ಅದರ ವೇಗ ಗಂಟೆಗೆ ಸುಮಾರು 64 ಕಿಲೋಮೀಟರ್. ಓಡುತ್ತಿದ್ದದ್ದು ವಿಮಾನ. ರೈಲಿನ ಕಿಟಕಿಯಿಂದ ನೋಡಿದಾಗ ಹತ್ತಿರದ ಕಂಬ ಹಿಂದಕ್ಕೆ ಓಡುತ್ತದಲ್ಲ, ಹಾಗೆ. ಚುಕ್ಕೆಯನ್ನು ಎಷ್ಟು ದಿಟ್ಟಿಸಿ ನೋಡಿದ್ದರೂ ಇದು ತಿಳಿಯುತ್ತಿರಲಿಲ್ಲ. ಉತ್ತರ ಇದ್ದದ್ದು ಅಂಚಿನ ಅಂಕಿಗಳಲ್ಲಿ.

ಇನ್ನು ಕ್ಯಾಮೆರಾ ತಾನೇ ಹುಟ್ಟಿಸುವ ಆಕಾರಗಳ ವಿಷಯ. ಒಂದು ನಕ್ಷತ್ರದ ಕಡೆ ಕ್ಯಾಮೆರಾ ತಿರುಗಿಸಿ, ಬೇಕೆಂದೇ ಫೋಕಸ್ ಕೆಡಿಸಿ ನೋಡಿ. ಚುಕ್ಕೆ ಊದಿಕೊಂಡು ಒಂದು ಬಿಲ್ಲೆ ಆಗುತ್ತದೆ. ಲೆನ್ಸಿನ ಒಳಗೆ ಬೆಳಕು ಬರುವ ತೂತಿನ ಆಕಾರ ಹೇಗಿದೆಯೋ ಬಿಲ್ಲೆಯ ಆಕಾರವೂ ಹಾಗೇ. ಆ ತೂತು (ಅಪರ್ಚರ್) ಐದು ತೆಳು ಅಲಗುಗಳಿಂದ ಆಗಿದ್ದರೆ ಐದು ಮೂಲೆ, ಆರು ಇದ್ದರೆ ಆರು ಮೂಲೆ. 2019ರಲ್ಲಿ ಅಮೆರಿಕದ ಯುದ್ಧನೌಕೆಯಿಂದ ತೆಗೆದ ಒಂದು ವಿಡಿಯೋದಲ್ಲಿ ಹಸಿರು ಆಕಾಶದಲ್ಲಿ ಮಿನುಗುವ ತ್ರಿಕೋನಗಳು ಕಂಡಿದ್ದವು. 2022ರ ಮೇ ತಿಂಗಳಲ್ಲಿ ಅಲ್ಲಿನ ಸಂಸತ್ತಿನ ವಿಚಾರಣೆಯಲ್ಲಿ ನೌಕಾಪಡೆಯ ಅಧಿಕಾರಿ ಇದಕ್ಕೆ ವಿವರಣೆ ಕೊಟ್ಟರು. ರಾತ್ರಿ ನೋಡುವ ಸಾಧನದ ಮೂಲಕ ಹಾದ ಬೆಳಕನ್ನು ಕ್ಯಾಮೆರಾದಲ್ಲಿ ಹಿಡಿದಾಗ ಆ ತ್ರಿಕೋನದ ಆಕಾರ ಬಂದಿತ್ತು. ಅದೇ ವಿಡಿಯೋದಲ್ಲಿ ನಕ್ಷತ್ರಗಳೂ ತ್ರಿಕೋನವಾಗಿಯೇ ಕಂಡಿದ್ದವು ಎಂಬುದನ್ನು ಆಸಕ್ತರು ಅದಕ್ಕೂ ಮೊದಲೇ ಗುರುತಿಸಿದ್ದರು. ಅದಕ್ಕೇ ಹೇಳುವುದು, ಚೌಕಟ್ಟಿನಲ್ಲಿ ಗೊತ್ತಿರುವ ಒಂದು ನಕ್ಷತ್ರ ಇದ್ದರೆ ಅದು ಸಾಕ್ಷಿ ಇದ್ದಂತೆ. ನಕ್ಷತ್ರವೂ ತ್ರಿಕೋನವಾದರೆ ತ್ರಿಕೋನ ಲೆನ್ಸಿನದು.

ಬೀದಿದೀಪವೋ ಚಂದ್ರನೋ ಚೌಕಟ್ಟಿನಲ್ಲಿದ್ದರೆ ಇನ್ನೊಂದು ತೊಂದರೆ. ಲೆನ್ಸಿನ ಗಾಜುಗಳ ನಡುವೆ ಬೆಳಕು ಪುಟಿದು, ದೀಪಕ್ಕೆ ಸರಿಯಾಗಿ ಎದುರು ಬದಿಯಲ್ಲಿ ಒಂದು ಹಸಿರು ಅಥವಾ ನೀಲಿ ಕಲೆ ಮೂಡುತ್ತದೆ. ದೀಪದಿಂದ ಫೋಟೋದ ನಟ್ಟನಡುವಿಗೆ ಒಂದು ಗೆರೆ ಎಳೆದು ಅದನ್ನೇ ಮುಂದುವರಿಸಿ, ಕಲೆ ಆ ಗೆರೆಯ ಮೇಲೆ ಸಿಕ್ಕರೆ ಅದು ಲೆನ್ಸಿನದೇ. ಅದನ್ನು ಸ್ಥಳದಲ್ಲೇ ಪತ್ತೆ ಮಾಡಬಹುದು. ಕ್ಯಾಮೆರಾವನ್ನು ಸ್ವಲ್ಪ ಅಲ್ಲಾಡಿಸಿ. ನಿಜವಾದ ವಸ್ತು ಮರದ ಜೊತೆ ಸರಿಯುತ್ತದೆ, ಕಲೆ ಮರವನ್ನು ಬಿಟ್ಟು ತನ್ನ ಪಾಡಿಗೆ ಓಡುತ್ತದೆ. ಕಿಟಕಿ ಗಾಜಿನ ಹಿಂದೆ ನಿಂತು ತೆಗೆಯಲೇಬೇಡಿ. ಮನೆಯೊಳಗಿನ ದೀಪದ ಪ್ರತಿಬಿಂಬ ಆಕಾಶಕ್ಕೆ ಹೋಗಿ ಕೂರುತ್ತದೆ.

ಫೋನಿನ ನೈಟ್ ಮೋಡ್ ಬಗ್ಗೆಯೂ ಎಚ್ಚರ ಬೇಕು. ಅದು ಒಂದು ಫೋಟೋ ತೆಗೆಯುವುದಿಲ್ಲ. ಹಲವು ಫೋಟೋ ತೆಗೆದು, ಒಂದರ ಮೇಲೊಂದು ಜೋಡಿಸಿ, ಕತ್ತಲಲ್ಲಿ ಮೂಡುವ ಕಾಳು ಕಾಳು ಚುಕ್ಕೆಗಳನ್ನು ಅಳಿಸಿ, ಅಂಚು ತೀಡಿ ಕೊಡುತ್ತದೆ. ನಿಂತ ಮನೆಗೆ ಇದು ಚೆನ್ನ. ಚಲಿಸುವ ಬೆಳಕನ್ನು ಇದು ತುಂಡು ತುಂಡು ಮಾಡಬಹುದು, ಇಲ್ಲದ ಅಂಚು ಕೊಡಬಹುದು. ಫೋನಿನಲ್ಲಿ ಎಲ್ಲವನ್ನೂ ಕೈಯಿಂದ ಹೊಂದಿಸುವ ಪ್ರೊ ಮೋಡ್ ಇದ್ದರೆ, ರಾ ಫೈಲ್ (ಫೋನು ತೀಡದೆ ಇದ್ದಂತೆಯೇ ಇಡುವ ಫೋಟೋ) ಉಳಿಸುವ ಆಯ್ಕೆ ಇದ್ದರೆ, ಅದನ್ನು ಇವತ್ತೇ ಹುಡುಕಿಟ್ಟುಕೊಳ್ಳಿ. ಬೆಳಕು ಕಂಡಮೇಲೆ ಮೆನು ಹುಡುಕಲು ಸಮಯ ಇರುವುದಿಲ್ಲ.

ಈಗ ನಿಜವಾಗಿ ಏನೋ ಕಂಡಿತು ಅಂದುಕೊಳ್ಳಿ. ಮೊದಲ ಆಸೆಯೇ ಜೂಮ್ ಮಾಡುವುದು. ದಯವಿಟ್ಟು ತಡೆಯಿರಿ. ಮೊದಲ ಫೋಟೋ ಅಗಲವಾಗಿರಲಿ, ಅದರಲ್ಲಿ ಮರವೋ ಸೂರೋ ಕಂಬವೋ ಬರಲಿ. ಅದೂ ಆದಷ್ಟು ದೂರದ ಮರ, ಅಲುಗದ ಕಟ್ಟಡ. ಆಮೇಲೆ ಬೇಕಾದರೆ ಜೂಮ್ ಮಾಡಿ, ಮತ್ತೆ ಅಗಲಕ್ಕೆ ಬನ್ನಿ. ಮರ ಯಾಕೆ ಅಂದರೆ, ಕತ್ತಲಲ್ಲಿ ಒಂಟಿ ಬೆಳಕನ್ನು ನೋಡುತ್ತಾ ನಿಂತರೆ ಅದು ಅಲ್ಲಾಡಿದಂತೆ ಕಾಣುತ್ತದೆ. ಬೆಳಕು ನಿಂತೇ ಇರುತ್ತದೆ, ಆದರೂ ಹಾಗೆ ಅನ್ನಿಸುತ್ತದೆ. ನಮ್ಮ ಕಣ್ಣಿನ ಸ್ವಭಾವವೇ ಹಾಗೆ. ಕೈಯಲ್ಲಿ ಹಿಡಿದ ಕ್ಯಾಮೆರಾ ಅದಕ್ಕೆ ಇನ್ನಷ್ಟು ಕುಣಿತ ಸೇರಿಸುತ್ತದೆ. ಚೌಕಟ್ಟಿನಲ್ಲಿ ಒಂದು ಕೊಂಬೆ ಇದ್ದರೆ ಯಾವುದು ಅಲ್ಲಾಡಿತು ಅನ್ನುವುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಟ್ರೈಪಾಡ್ ಇಲ್ಲದಿದ್ದರೆ ಗೋಡೆಗೆ ಒರಗಿ ನಿಲ್ಲಿ.

ಫೋಕಸ್ ಅನ್ನು ಕ್ಯಾಮೆರಾಗೆ ಬಿಡಬೇಡಿ. ಕತ್ತಲಲ್ಲಿ ಅದು ಹಿಂದೆ ಮುಂದೆ ಹುಡುಕಾಡುತ್ತದೆ, ನೀವು ಬಿಲ್ಲೆಯ ಫೋಟೋ ತೆಗೆದುಕೊಂಡು ಬರುತ್ತೀರಿ. ದೂರದ ದೀಪಕ್ಕೋ ನಕ್ಷತ್ರಕ್ಕೋ ಕೈಯಿಂದ ಫೋಕಸ್ ಮಾಡಿ, ಹಾಗೇ ಬಿಡಿ. ಹಗಲಾದರೆ ಶಟರ್ ವೇಗವಾಗಿರಲಿ, ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗ ಒಳ್ಳೆಯದು. ರಾತ್ರಿಯಾದರೆ ಎರಡು ಥರ ತೆಗೆಯಿರಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಏರಿಸಿ ಚಿಕ್ಕ ಎಕ್ಸ್‌ಪೋಷರ್‌ನಲ್ಲಿ, ಅಂದರೆ ಬೆಳಕು ಒಳಬರುವ ಸಮಯ ಕಡಿಮೆ ಇಟ್ಟು, ಕೆಲವು, ಅದರಲ್ಲಿ ಆಕಾರ ಕಾಣುತ್ತದೆ. ಆಮೇಲೆ ಕ್ಯಾಮೆರಾವನ್ನು ಗಟ್ಟಿಯಾಗಿ ಇಟ್ಟು ಹಲವು ಸೆಕೆಂಡುಗಳ ಎಕ್ಸ್‌ಪೋಷರ್. ಇದರಲ್ಲಿ ಬೆಳಕು ಗೆರೆಯಾಗುತ್ತದೆ, ಮತ್ತು ಆ ಗೆರೆ ಬಹಳ ಹೇಳುತ್ತದೆ. ವಿಮಾನದ ಗೆರೆಯ ಮೇಲೆ ಮಿನುಗು ದೀಪಗಳ ಚುಕ್ಕೆಗಳು ಸಮ ಅಂತರದಲ್ಲಿ ಬೀಳುತ್ತವೆ. ಉಪಗ್ರಹದ ಗೆರೆ ಸಾಮಾನ್ಯವಾಗಿ ನುಣುಪು.

ಉಪಗ್ರಹ ಅಂದಾಗ ಒಂದು ಮಾತು. "ನೋಡ್ತಾ ನೋಡ್ತಾ ಮಾಯ ಆಯ್ತು" ಅಂತ ಹೇಳುವವರು ಸರಿಯಾಗಿಯೇ ನೋಡಿರುತ್ತಾರೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಹೋಗುತ್ತದೆ. ನಮಗೆ ರಾತ್ರಿಯಾದರೂ ಅಷ್ಟು ಮೇಲೆ ಇನ್ನೂ ಬಿಸಿಲು ಇರುತ್ತದೆ, ಹಾಗಾಗಿ ಹೊಳೆಯುತ್ತದೆ. ಭೂಮಿಯ ನೆರಳಿಗೆ ಹೊಕ್ಕ ಕೂಡಲೇ ಕೆಲವೇ ಸೆಕೆಂಡುಗಳಲ್ಲಿ ಕೆಂಪಗಾಗಿ ಆರಿಹೋಗುತ್ತದೆ, ಅದೂ ಮೋಡವಿಲ್ಲದ ಆಕಾಶದ ನಡುವೆ. ಸಾಲಾಗಿ ದೀಪ ಪೋಣಿಸಿದಂತೆ ಹೋಗುವ ಸ್ಟಾರ್‌ಲಿಂಕ್ ಉಪಗ್ರಹಗಳು 2019ರ ಮೇ ತಿಂಗಳಿಂದ ಕಾಣತೊಡಗಿದವು. ಮೊದಲ ಸಲವೇ 60 ಉಪಗ್ರಹ ಒಟ್ಟಿಗೆ ಹಾರಿಸಿದ್ದರು. ಇವೆಲ್ಲದರ ದಾರಿ ನಿಮಿಷ ನಿಮಿಷಕ್ಕೂ ಲೆಕ್ಕ ಹಾಕಿಟ್ಟಿರುತ್ತದೆ. ನಿಮ್ಮ ಫೋಟೋದ ಸಮಯ ಸರಿಯಾಗಿದ್ದರೆ ಹೊಂದಿಸಿ ನೋಡುವುದು ಐದು ನಿಮಿಷದ ಕೆಲಸ. ಸಮಯ ಕಾಲು ಗಂಟೆ ತಪ್ಪಿದ್ದರೆ ಏನೂ ಹೇಳಲಾಗದು. ಕ್ಯಾಮೆರಾದ ಗಡಿಯಾರವನ್ನು ಆಗಾಗ ಸರಿಮಾಡಿಕೊಳ್ಳಿ. ವಿಡಿಯೋ ಮಾಡುತ್ತಿದ್ದರೆ ಸಮಯ, ಜಾಗ, ಯಾವ ದಿಕ್ಕಿಗೆ ನೋಡುತ್ತಿದ್ದೀರಿ ಎಂಬುದನ್ನು ಬಾಯಲ್ಲೇ ಹೇಳಿಬಿಡಿ. ಸುಮ್ನೆ ಮಾತಾಡುತ್ತಾ ಹೋದರೂ ಅದು ದಾಖಲೆಯೇ.

ಇದಕ್ಕಿಂತಲೂ ದೊಡ್ಡ ಆಸ್ತಿ ಎರಡನೆಯ ಕ್ಯಾಮೆರಾ. ಒಂದು ಕಿಲೋಮೀಟರ್ ದೂರದಲ್ಲಿ ಸ್ನೇಹಿತರೊಬ್ಬರು ಇದ್ದರೆ, ಆ ಕ್ಷಣವೇ ಫೋನ್ ಮಾಡಿ ಅವರಿಗೂ ತೆಗೆಯಲು ಹೇಳಿ. ವಸ್ತು ನಿಮ್ಮಿಂದ ಹತ್ತು ಕಿಲೋಮೀಟರ್ ದೂರದಲ್ಲಿದ್ದು, ನೀವಿಬ್ಬರೂ ಅದಕ್ಕೆ ಅಡ್ಡಲಾಗಿ ನಿಂತಿದ್ದರೆ, ಎರಡು ಫೋಟೋಗಳಲ್ಲಿ ನಕ್ಷತ್ರಗಳ ನಡುವೆ ಅದರ ಜಾಗ ಸುಮಾರು ಆರು ಡಿಗ್ರಿ ಬೇರೆಯಾಗುತ್ತದೆ. ನೂರು ಕಿಲೋಮೀಟರ್ ಆದರೆ ಅರ್ಧ ಡಿಗ್ರಿ. ಶುಕ್ರ ಗ್ರಹವಾದರೆ ಒಂದಿಷ್ಟೂ ಸರಿಯುವುದಿಲ್ಲ. ಲೆನ್ಸಿನ ಮುಂದಿನ ಹುಳುವಾದರೆ ಸ್ನೇಹಿತರ ಫೋಟೋದಲ್ಲಿ ಇರುವುದೇ ಇಲ್ಲ.

1883ರ ಆಗಸ್ಟ್ 12ರಂದು ಮೆಕ್ಸಿಕೋದ ಝಕಾಟೆಕಾಸ್ ವೀಕ್ಷಣಾಲಯದಲ್ಲಿ ಹೊಸೆ ಬೊನಿಯಾ ಎಂಬ ಖಗೋಳ ವಿಜ್ಞಾನಿ ಸೂರ್ಯನನ್ನು ನೋಡುತ್ತಿದ್ದರು. ಸೂರ್ಯನ ಮುಂದೆ ನೂರಾರು ಕಪ್ಪು ವಸ್ತುಗಳು ಹಾದುಹೋದವು. ಅವರು ಫೋಟೋವನ್ನೂ ತೆಗೆದರು. ಬೇರೆ ಊರಿನ ವೀಕ್ಷಣಾಲಯಗಳಿಗೆ ತಂತಿ ಸಂದೇಶ ಕಳಿಸಿದರು, ಅಲ್ಲಿ ಯಾರಿಗೂ ಏನೂ ಕಾಣಲಿಲ್ಲ. ಅಂದರೆ ಆ ವಸ್ತುಗಳು ಭೂಮಿಗೆ ಹತ್ತಿರದಲ್ಲೇ ಇದ್ದವು ಎಂಬಷ್ಟು ತಿಳಿಯಿತು. ಎಷ್ಟು ಹತ್ತಿರ? ಆ ಫೋಟೋ ಅಚ್ಚಾದ ಪತ್ರಿಕೆ ಹಕ್ಕಿ, ಹುಳು ಅಥವಾ ಧೂಳು ಇರಬಹುದು ಅಂದಿತು. 2011ರಲ್ಲಿ ಮೆಕ್ಸಿಕೋದ ಸಂಶೋಧಕರು ಒಡೆದ ಧೂಮಕೇತುವಿನ ಚೂರುಗಳಿರಬಹುದು ಅಂದರು. ಹಕ್ಕಿಯಿಂದ ಧೂಮಕೇತುವಿನವರೆಗೆ ಎಷ್ಟು ಅಂತರ ನೋಡಿ! ಅದೇ ಹೊತ್ತಿಗೆ ಸ್ವಲ್ಪ ದೂರದಿಂದ ತೆಗೆದ ಇನ್ನೊಂದು ಫೋಟೋ ಇದ್ದಿದ್ದರೆ ಈ ಪ್ರಶ್ನೆ ಆಗಲೇ ಬಗೆಹರಿಯುತ್ತಿತ್ತು.

ಎರಡು ಕಡೆ ಕ್ಯಾಮೆರಾ ಇದ್ದಾಗ ಏನಾಗುತ್ತದೆ ಎಂಬುದಕ್ಕೆ 1959ರ ಏಪ್ರಿಲ್ 7ರ ರಾತ್ರಿ ಇದೆ. ಆಗಿನ ಚೆಕೊಸ್ಲೊವಾಕಿಯಾದಲ್ಲಿ ಝ್ಡೆನೆಕ್ ಸೆಪ್ಲೆಖಾ ಅವರ ತಂಡ ಉಲ್ಕೆಗಳಿಗಾಗಿ ಎರಡು ಜಾಗದಲ್ಲಿ ಕ್ಯಾಮೆರಾ ಇಟ್ಟಿತ್ತು. ಲೆನ್ಸಿನ ಮುಂದೆ ಸುತ್ತುವ ಶಟರ್ ಇರುತ್ತಿತ್ತು, ಅದು ಉಲ್ಕೆಯ ಗೆರೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸುತ್ತಿತ್ತು. ಸೆಕೆಂಡಿಗೆ ಎಷ್ಟು ತುಂಡು ಎಂಬುದು ಗೊತ್ತು, ಹಾಗಾಗಿ ತುಂಡಿನ ಉದ್ದದಿಂದ ವೇಗ ಗೊತ್ತಾಗುತ್ತದೆ. ಎಂಥ ಸರಳ ಉಪಾಯ! ಆ ರಾತ್ರಿ ಒಂದು ಭಾರೀ ಬೆಂಕಿಯುಂಡೆ ಹಾದುಹೋಯಿತು. ಫೋಟೋಗಳಿಂದ ಅದರ ದಾರಿ ಲೆಕ್ಕ ಹಾಕಿ, ಪ್ರಿಬ್ರಾಮ್ ಊರಿನ ಹತ್ತಿರ ಹುಡುಕಿದರು. ಕಲ್ಲು ಸಿಕ್ಕಿತು. ಅದು ಮಂಗಳ ಮತ್ತು ಗುರುವಿನ ನಡುವಿನ ಕ್ಷುದ್ರಗ್ರಹಗಳ ಪಟ್ಟಿಯಿಂದ ಬಂದದ್ದೆಂದೂ ತಿಳಿಯಿತು. ಆಕಾಶದಿಂದ ಬಿದ್ದ ಕಲ್ಲಿನ ಹಿಂದಿನ ದಾರಿಯನ್ನು ಫೋಟೋಗಳಿಂದ ಕಂಡುಹಿಡಿದದ್ದು ಅದೇ ಮೊದಲು.

ಇಷ್ಟೆಲ್ಲ ಕಷ್ಟಪಟ್ಟರೆ ಕೊನೆಗೆ ಶುಕ್ರ, ವಿಮಾನ, ಬಲೂನು ಅಂತಲೇ ಆಗುತ್ತದೆ ಅಲ್ವಾ, ಅಂತ ನೀವು ಕೇಳಬಹುದು. ಹೆಚ್ಚಿನ ಸಲ ಹೌದು. ಆದರೆ ಎಲ್ಲ ಸಲ ಅಲ್ಲ. ಗುಡುಗು ಮೋಡಗಳ ಮೇಲೆ ಕೆಂಪು ಬೆಳಕು ಚಿಮ್ಮುವುದನ್ನು ಕಂಡೆವು ಅಂತ ಪೈಲಟ್‌ಗಳು ದಶಕಗಳಿಂದ ಹೇಳುತ್ತಿದ್ದರು. ಹೆಚ್ಚಿನವರು ನಂಬಲಿಲ್ಲ. 1989ರ ಜುಲೈ 6ರಂದು ಮಿನ್ನೆಸೋಟಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ರಾಕೆಟ್ ಪ್ರಯೋಗಕ್ಕೆಂದು ಮಂದ ಬೆಳಕಿನ ಕ್ಯಾಮೆರಾ ಪರೀಕ್ಷಿಸುತ್ತಿದ್ದಾಗ, ದೂರದ ಬಿರುಗಾಳಿಯ ಮೇಲೆ ಎರಡು ಬೆಳಕಿನ ಕಂಬಗಳು ಟೇಪ್‌ನಲ್ಲಿ ಸಿಕ್ಕವು. ಇವತ್ತು ಅದನ್ನು ಸ್ಪ್ರೈಟ್ ಅನ್ನುತ್ತಾರೆ. ಅದು ನೆಲದಿಂದ 50ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಆಗುವ ವಿದ್ಯುತ್ ಮಿಂಚು. ಕೆನಡಾದ ಆಲ್ಬರ್ಟಾದಲ್ಲಿ ಧ್ರುವಪ್ರಭೆಯ ಫೋಟೋ ತೆಗೆಯುವ ಹವ್ಯಾಸಿಗಳಿಗೆ ನೇರಳೆ ಬಣ್ಣದ ತೆಳು ಪಟ್ಟಿಯೊಂದು ಮತ್ತೆ ಮತ್ತೆ ಸಿಗುತ್ತಿತ್ತು. ವಿಜ್ಞಾನಿಗಳಿಗೆ ತೋರಿಸಿದಾಗ, ಇದು ನಮಗೆ ಗೊತ್ತಿರುವ ಧ್ರುವಪ್ರಭೆಯಲ್ಲ ಅಂದರು. ಹವ್ಯಾಸಿಗಳ ಫೋಟೋಗಳ ಜಾಗ, ಸಮಯ ಹಿಡಿದು ಉಪಗ್ರಹದ ದಾಖಲೆಯ ಜೊತೆ ಹೊಂದಿಸಿದರು. ಆ ಪಟ್ಟಿಯ ಮೂಲಕವೇ ಯುರೋಪಿನ ಸ್ವಾರ್ಮ್ ಉಪಗ್ರಹ ಹಾದುಹೋಗಿತ್ತು, ಅಲ್ಲಿ ಉಷ್ಣತೆ 3000 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿತ್ತು. 2018ರಲ್ಲಿ 'ಸ್ಟೀವ್' ಎಂಬ ಹೆಸರಿನಲ್ಲಿ ಸಂಶೋಧನಾ ಲೇಖನ ಬಂತು. ಅದು ಸಾಧ್ಯವಾದದ್ದು ಹಿತ್ತಲಿನಲ್ಲಿ ಟ್ರೈಪಾಡ್ ಇಟ್ಟುಕೊಂಡು ನಿಂತವರಿಂದ. ನನಗೆ ಇದು ಯಾವ ಹಾರುವ ತಟ್ಟೆಗಿಂತಲೂ ಕಡಿಮೆ ರೋಮಾಂಚನದ ಸಂಗತಿ ಅಲ್ಲ.

ಕೊನೆಯದಾಗಿ, ಫೋಟೋ ತೆಗೆದಮೇಲಿನ ಕೆಲಸ. ಮೂಲ ಫೈಲನ್ನು ಮುಟ್ಟಬೇಡಿ. ಕತ್ತರಿಸುವುದು, ಬೆಳಕು ಹೆಚ್ಚಿಸುವುದು ಏನಿದ್ದರೂ ನಕಲಿನ ಮೇಲೆ ಮಾಡಿ. ಮೆಸೇಜ್ ಆಪ್‌ಗಳಲ್ಲಿ ಫೋಟೋ ಕಳಿಸಿದರೆ ಅದು ಕುಗ್ಗುತ್ತದೆ. ಸಮಯ, ಲೆನ್ಸು, ಎಕ್ಸ್‌ಪೋಷರ್ ವಿವರಗಳೂ ಅಳಿಸಿಹೋಗುವುದು ಸಾಮಾನ್ಯ. ತಿಳಿದವರಿಗೆ ಕಳಿಸುವಾಗ ಇಮೇಲ್‌ನಲ್ಲೋ ಡ್ರೈವ್‌ನಲ್ಲೋ ಮೂಲ ಫೈಲನ್ನೇ ಕೊಡಿ. ಚೆನ್ನಾಗಿ ಬಂದಿರುವ ಒಂದನ್ನು ಆರಿಸಬೇಡಿ, ಕೆಟ್ಟವನ್ನೂ ಸೇರಿಸಿ ಎಲ್ಲ ಕೊಡಿ. ಜೊತೆಗೆ ಇನ್ನೊಬ್ಬರು ನೋಡಿದ್ದರೆ, ಇಬ್ಬರೂ ಮಾತಾಡಿಕೊಳ್ಳುವ ಮೊದಲೇ ಬೇರೆ ಬೇರೆ ಕೂತು ಕಂಡದ್ದನ್ನು ಬರೆಯಿರಿ. ಮಾತಾಡಿದಮೇಲೆ ಇಬ್ಬರ ನೆನಪೂ ಒಂದೇ ಆಗಿಬಿಡುತ್ತದೆ.

ಮರುದಿನ ಹಗಲಲ್ಲಿ ಅದೇ ಜಾಗಕ್ಕೆ ಹೋಗಿ, ಅದೇ ಕ್ಯಾಮೆರಾದಿಂದ, ಅದೇ ಚೌಕಟ್ಟು ಇಟ್ಟು ಒಂದು ಫೋಟೋ ತೆಗೆಯಿರಿ. ರಾತ್ರಿ ಬರೀ ನೆರಳಾಗಿದ್ದ ಮರ ಯಾವುದು, ಕಂಬ ಎಷ್ಟು ದೂರ, ಯಾವ ದಿಕ್ಕು ಅನ್ನುವುದೆಲ್ಲ ಅದರಲ್ಲಿ ಸಿಗುತ್ತದೆ. ಮರುರಾತ್ರಿಯೂ ಅದೇ ಹೊತ್ತಿಗೆ, ಸ್ವಲ್ಪ ಮೊದಲೇ, ಒಮ್ಮೆ ಹೋಗಿ. ನಕ್ಷತ್ರಗಳು ದಿನಕ್ಕೆ ನಾಲ್ಕು ನಿಮಿಷ ಬೇಗ ಬರುತ್ತವೆ. ಹಿಂದಿನ ರಾತ್ರಿಗಿಂತ ನಾಲ್ಕು ನಿಮಿಷ ಮೊದಲು ನಿಮ್ಮ ಬೆಳಕು ಅದೇ ಕೊಂಬೆಯ ಪಕ್ಕದಲ್ಲಿ ಕೂತಿದ್ದರೆ ಅದು ನಕ್ಷತ್ರ ಅಥವಾ ಗ್ರಹ. ಅಲ್ಲಿ ಏನೂ ಇಲ್ಲದಿದ್ದರೆ ಆ ಖಾಲಿ ಕೊಂಬೆಯ ಫೋಟೋವನ್ನೂ ತೆಗೆದು, ಸಮಯ ಬರೆದು, ಹಿಂದಿನ ರಾತ್ರಿಯ ಫೈಲುಗಳ ಜೊತೆಗೇ ಇಡಿ.